ಮೂಟೆ ಮಿಲಿಟ್ರಿ

ಕಳೆದ ಮಳೆಗಾಲದ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ. ಈಗ ಯಲಹಂಕದ ಬಳಿ ಮನೆ ಮಾಡಿಕೊಂಡಿದ್ದಾನೆ. ಕ್ಷೇಮಸಮಾಚಾರವೆಲ್ಲ ಮುಗಿದ ಮೇಲೆ, "ಸರ್, ನಮ್ಮ ಮನೆಯ ಮೇಲೆ ಏರ್‌ಫೋರ್ಸಿನ ವಿಮಾನ ಹಾದುಹೋದಾಗಲೆಲ್ಲ ನನಗೆ ಕುರಿಗೆ ಪ್ಯಾರಾಚೂಟು ಕಟ್ಟಿದ ಕಥೆ ನೆನಪಾಗುತ್ತದೆ. ಆ ದಿನ ಶಾಲೆಗೆ ಬಂದವರು ನಿಮ್ಮ ಸಂಬಂಧಿಕರಲ್ಲವೇ?" ಎಂದ. ಹೌದು, ನನ್ನ ಸೋದರಮಾವ, ಎಂದೆ. "ಆ ಕಥೆ ಪೂರ್ತಿ ಆಗಲೇ ಇಲ್ಲ ಸರ್" ಎಂದು ನಕ್ಕ.

ಅವನು ಸಹಜವಾಗಿಯೇ ಹೇಳಿದ್ದು. ಆದರೆ ಆ ಮಾತು ನನ್ನ ಕಿವಿಯಲ್ಲಿ ಉಳಿದುಬಿಟ್ಟಿತು. ಕಥೆ ಪೂರ್ತಿಯಾಗದಿರಲು ಕಾರಣನಾದವನು ನಾನೇ. ಮೂವತ್ತೇಳು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವನು, ಮನೆಯಲ್ಲೇ ಇದ್ದ ಇತಿಹಾಸವನ್ನು ಮಧ್ಯದಲ್ಲೇ ತಡೆದು ಕೂರಿಸಿದವನು. ಆದ್ದರಿಂದ ಈ ಬಾರಿ ಆ ಕಥೆಯನ್ನು ನನಗೆ ತಿಳಿದಷ್ಟು ಬರೆದುಬಿಡುತ್ತೇನೆ.

ಮಾವ 1938ರಲ್ಲಿ ಹುಟ್ಟಿದವರು. ನನ್ನ ತಾಯಿಯ ತಮ್ಮ. ಕಳಸದಿಂದ ಮೂರು ಮೈಲಿ ಒಳಗೆ, ಹೊಳೆಯ ಆಚೆ ಮನೆ. ಎರಡೂವರೆ ಎಕರೆ ಕಾಫಿ, ಸ್ವಲ್ಪ ಅಡಿಕೆ, ತಗ್ಗಿನಲ್ಲಿ ಗದ್ದೆ. ಮನೆಯಲ್ಲಿ ಗಂಡುಮಕ್ಕಳು ನಾಲ್ವರು, ಉಣ್ಣುವ ಬಾಯಿ ಹನ್ನೊಂದು. 1957ರಲ್ಲಿ ಯಾರಿಗೂ ಹೇಳದೆ ಬೆಂಗಳೂರಿಗೆ ಹೋಗಿ ಸೈನ್ಯಕ್ಕೆ ಭರ್ತಿಯಾಗಿ, ಆಮೇಲೆ ಕಾಗದ ಬರೆದರಂತೆ. ಆ ವರ್ಷವೇ ಕೊಡಗಿನ ತಿಮ್ಮಯ್ಯನವರು ಭೂಸೇನೆಯ ಮುಖ್ಯಸ್ಥರಾಗಿದ್ದರು. ನಮ್ಮ ಅಜ್ಜ ಅದನ್ನು ಕೇಳಿ ಸಮಾಧಾನಪಟ್ಟುಕೊಂಡರೆಂದು ತಾಯಿ ಹೇಳುತ್ತಿದ್ದರು.

ಆದರೆ ಮಾವನಿಗೆ ಸಿಕ್ಕಿದ್ದು ಬಂದೂಕು ಹಿಡಿದು ಗಡಿ ಕಾಯುವ ಕೆಲಸವಲ್ಲ. ಆರ್ಮಿ ಸರ್ವಿಸ್ ಕೋರ್ ಎಂಬ, ಸೈನ್ಯಕ್ಕೆ ಅನ್ನ, ಎಣ್ಣೆ, ವಾಹನ ಒದಗಿಸುವ ವಿಭಾಗ. ಅದರಲ್ಲೂ ವಿಮಾನದಿಂದ ಸಾಮಾನು ಕೆಳಗೆ ತಳ್ಳುವ ತಂಡ. ವಿಮಾನ ಓಡಿಸುವವರು ವಾಯುಪಡೆಯವರು, ಹಿಂದಿನ ಬಾಗಿಲಿನಲ್ಲಿ ನಿಂತು ಮೂಟೆ ದಬ್ಬುವವರು ಇವರು. ಎಜೆಕ್ಷನ್ ಕ್ರೂ ಎಂದು ಅದರ ಹೆಸರು. 1974ರಲ್ಲಿ ಹವಾಲ್ದಾರರಾಗಿ ನಿವೃತ್ತರಾಗಿ ಊರಿಗೆ ಬಂದಾಗ, "ಯುದ್ಧದಲ್ಲಿ ಏನು ಮಾಡಿದ್ರಿ?" ಎಂದು ಕೇಳಿದವರಿಗೆಲ್ಲ "ಅಕ್ಕಿ ಮೂಟೆ ಎಸೆದೆ" ಎಂದೇ ಉತ್ತರ. ಹೀಗಾಗಿ ನಮ್ಮ ಬಂಧುಬಳಗದಲ್ಲಿ ಅವರು ಮಿಲಿಟ್ರಿ ಮಾವನಾದರೆ, ಊರವರ ಬಾಯಲ್ಲಿ, ಬೆನ್ನ ಹಿಂದೆ, ಮೂಟೆ ಮಿಲಿಟ್ರಿಯಾದರು. ನನಗಾಗ ಹದಿನಾಲ್ಕು ವರ್ಷ. ಆ ಹೆಸರಿಗೆ ನಾನೂ ನಕ್ಕಿದ್ದೇನೆ.

ಅವರ ವಿಮಾನ ಡಕೋಟಾ. ಅದರ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ, ಮೇಷ್ಟ್ರ ಚಾಳಿ! ಅಮೆರಿಕದ ಡಗ್ಲಸ್ ಕಂಪನಿಯ ಡಿಸಿ-3 ಎಂಬ ಈ ವಿಮಾನ ಮೊದಲು ಹಾರಿದ್ದು 1935ರ ಡಿಸೆಂಬರ್ 17ರಂದು. ರೈಟ್ ಸಹೋದರರು ಹಾರಿದ ದಿನಕ್ಕೆ ಸರಿಯಾಗಿ 32 ವರ್ಷ. ಪ್ರಯಾಣಿಕರಿಗೆಂದು ಮಾಡಿದ್ದು ಎರಡನೆಯ ಮಹಾಯುದ್ಧದಲ್ಲಿ ಸರಕು ಹೊರುವ ಎತ್ತಾಯಿತು. ಹತ್ತು ಸಾವಿರಕ್ಕೂ ಹೆಚ್ಚು ತಯಾರಾದವು. ಅಸ್ಸಾಮಿನಿಂದ ಹಿಮಾಲಯ ದಾಟಿ ಚೀನಾದ ಕುನ್ಮಿಂಗಿಗೆ ಪೆಟ್ರೋಲು, ಮದ್ದುಗುಂಡು ಸಾಗಿಸಿದ ವಿಮಾನಗಳಲ್ಲಿ ಇವೂ ಇದ್ದವು. ಬೆಂಗಳೂರಿನಲ್ಲಿ 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಸ್ಥಾಪಿಸಿದ ಹಿಂದೂಸ್ಥಾನ್ ವಿಮಾನ ಕಾರ್ಖಾನೆ ಯುದ್ಧಕಾಲದಲ್ಲಿ ಇಂಥ ವಿಮಾನಗಳ ದುರಸ್ತಿಯ ದೊಡ್ಡ ಕೇಂದ್ರವಾಗಿತ್ತು. ಯುದ್ಧ ಮುಗಿದು ಅಮೆರಿಕನ್ನರು ಬಿಟ್ಟುಹೋದ ಹಳೆಯ ಡಕೋಟಾಗಳನ್ನು ಅಲ್ಲಿಯೇ ಹೊಸದರಂತೆ ಮಾಡಿ ಹಾರಲು ಬಿಟ್ಟರು. ಮಾವ ಅಸ್ಸಾಮಿನಲ್ಲಿ ಹತ್ತಿದ ವಿಮಾನಗಳಲ್ಲಿ ಯಾವುದೋ ಒಂದು ನಮ್ಮ ಬೆಂಗಳೂರಿನ ಕೆಲಸಗಾರರ ಕೈ ದಾಟಿ ಹೋದದ್ದಿರಬಹುದು ಎಂಬ ಕಲ್ಪನೆ ನನಗೆ ಇಷ್ಟ.

1947ರ ಅಕ್ಟೋಬರ್ 27ರ ಬೆಳಿಗ್ಗೆ ಸಿಖ್ ರೆಜಿಮೆಂಟಿನ ಯೋಧರನ್ನು ಶ್ರೀನಗರದಲ್ಲಿ ಇಳಿಸಿದ್ದು ಡಕೋಟಾಗಳೇ. ಮರುವರ್ಷ, 1948ರ ಮೇ 24ರಂದು, ಏರ್ ಕಮೊಡೋರ್ ಮೆಹರ್ ಸಿಂಗ್ ಇದೇ ವಿಮಾನವನ್ನು ಲೇಹ್‌ನಲ್ಲಿ ಇಳಿಸಿದರು. ಹತ್ತು ಸಾವಿರ ಅಡಿಗೂ ಎತ್ತರದಲ್ಲಿ, ಎಂಜಿನಿಯರ್ ಸೋನಂ ನೋರ್ಬು ಸ್ಥಳೀಯರನ್ನು ಕಟ್ಟಿಕೊಂಡು ನದೀತೀರದಲ್ಲಿ ಸಮತಟ್ಟು ಮಾಡಿದ ಮಣ್ಣಿನ ಪಟ್ಟಿಯ ಮೇಲೆ. ಆ ವಿಮಾನದಲ್ಲಿ ಜೊತೆಗೆ ಕುಳಿತಿದ್ದವರು ನಮ್ಮ ತಿಮ್ಮಯ್ಯನವರೇ. ಇವೆಲ್ಲವನ್ನೂ ನಾನು ತರಗತಿಯಲ್ಲಿ ಹೇಳಿದ್ದೇನೆ, ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಹೇಳದೇ ಉಳಿದದ್ದು ಮಾವನ ಕೆಲಸ. 1971ರ ಡಿಸೆಂಬರ್ 11ರಂದು ಟಂಗೈಲ್‌ನಲ್ಲಿ ವಿಮಾನಗಳಿಂದ ಸೈನಿಕರು ಧುಮುಕಿದ್ದನ್ನು ಎಲ್ಲ ಪುಸ್ತಕಗಳೂ ಬರೆಯುತ್ತವೆ. ಅಕ್ಕಿ ಧುಮುಕಿದ್ದನ್ನು ಯಾರು ಬರೆಯುತ್ತಾರೆ?

ನೇಫಾ ಎಂದರೆ ಇಂದಿನ ಅರುಣಾಚಲ ಪ್ರದೇಶ. ಐವತ್ತು, ಅರವತ್ತರ ದಶಕದಲ್ಲಿ ಅಲ್ಲಿನ ಗಡಿಠಾಣ್ಯಗಳಿಗೆ ರಸ್ತೆಯೇ ಇರಲಿಲ್ಲ. ಕೆಲವಕ್ಕೆ ನಡೆದು ಹೋಗಲು ವಾರಗಳೇ ಬೇಕಿತ್ತು. ಅಕ್ಕಿ, ಬೇಳೆ, ಹಿಟ್ಟು, ಉಪ್ಪು, ಸೀಮೆಎಣ್ಣೆ, ಎಲ್ಲವೂ ಆಕಾಶದಿಂದಲೇ ಇಳಿಯಬೇಕು. ವಾಯುಪಡೆಯ ಜೊತೆಗೆ ಬಿಜು ಪಟ್ನಾಯಕರ ಕಳಿಂಗ ಏರ್‌ಲೈನ್ಸಿನ ಡಕೋಟಾಗಳೂ ಈ ಕೆಲಸ ಮಾಡುತ್ತಿದ್ದವು. ಮಾವ ಇದ್ದದ್ದು ಜೋರ್ಹಾಟಿನಲ್ಲಿ.

ಕೆಲಸದ ವಿವರವನ್ನು ಅವರ ಬಾಯಿಂದಲೇ ಕೇಳಬೇಕಿತ್ತು. ಬೆಳಗಿನ ಜಾವಕ್ಕೆ ಮುಂಚೆ ಮೂಟೆ ತುಂಬುವುದು. ಮಧ್ಯಾಹ್ನದ ಹೊತ್ತಿಗೆ ಕಣಿವೆಗಳಲ್ಲಿ ಮೋಡ ಮುಚ್ಚಿಕೊಳ್ಳುವುದರಿಂದ ಬೆಳಿಗ್ಗೆಯೇ ಮುಗಿಸಬೇಕು. ವಿಮಾನದ ಎಡಬದಿಯ ಹಿಂಬಾಗಿಲನ್ನು ಕಳಚಿಟ್ಟೇ ಹಾರುವುದು. ಸೊಂಟಕ್ಕೆ ಕಟ್ಟಿದ ಪಟ್ಟಿಯೊಂದೇ ಆಧಾರ. ಕೆಳಗೆ ಬೆಟ್ಟದ ತುದಿಯಲ್ಲಿ ನಮ್ಮ ಕಾಫಿ ಕಣದಷ್ಟೇ ಅಗಲದ ಜಾಗದಲ್ಲಿ ಬಿಳಿ ಬಟ್ಟೆ ಹಾಸಿ ಗುರುತು ಮಾಡಿರುತ್ತಾರೆ, ಗಾಳಿಯ ದಿಕ್ಕು ತಿಳಿಯಲು ಹೊಗೆ ಹಾಕಿರುತ್ತಾರೆ. ಪೈಲಟ್ ಕೆಲವು ನೂರು ಅಡಿಗೆ ಇಳಿಸಿ ಆ ಗುರುತಿನ ಮೇಲೆ ಹಾಯುತ್ತಾನೆ. ಹಸಿರು ದೀಪ ಹತ್ತಿದೊಡನೆ ಬಾಗಿಲಿನ ಬಳಿ ಪೇರಿಸಿದ ಮೂಟೆಗಳನ್ನು ದಬ್ಬಬೇಕು. ಕೈಯಿಂದಲ್ಲ. ನೆಲದ ಮೇಲೆ ಕುಳಿತು, ಬೆನ್ನನ್ನು ಎದುರಿನ ಗೋಡೆಗೆ ಕೊಟ್ಟು, ಎರಡೂ ಕಾಲಿನಿಂದ ಒದೆಯಬೇಕು. ಅದಕ್ಕೆ ಸಿಗುವುದು ನಾಲ್ಕಾರು ಕ್ಷಣ. ಕೆಂಪು ದೀಪ ಬಂದರೆ ನಿಲ್ಲಿಸಬೇಕು. ವಿಮಾನ ಸುತ್ತಿ ಬರುವಷ್ಟರಲ್ಲಿ ಮುಂದಿನ ಮೂಟೆಗಳನ್ನು ಎಳೆದು ಪೇರಿಸಬೇಕು. ಒಂದು ಹಾರಾಟಕ್ಕೆ ಎರಡೂವರೆ ಟನ್ನಿನಷ್ಟು ಹೀಗೆ ಸುತ್ತುಸುತ್ತಾಗಿ ಇಳಿಯುತ್ತಿತ್ತು. ಎತ್ತರದ ತೆಳುಗಾಳಿಯಲ್ಲಿ ಉಸಿರು ಕಟ್ಟುತ್ತಿತ್ತು, ಮಿಕ್ಕ ಹೊತ್ತು ವಾಂತಿ. ಮಾವನ ಬೆನ್ನು ನೆಟ್ಟಗಿದ್ದುದನ್ನು ನಾನು ಕಂಡೇ ಇಲ್ಲ.

ಅಕ್ಕಿಗೆ ಪ್ಯಾರಾಚೂಟು ಕಟ್ಟುತ್ತಿರಲಿಲ್ಲ. ಹಾಗೆಯೇ ಎಸೆಯುವುದು. ಒಡೆಯದಿರಲು ಉಪಾಯ ಗೋಣಿಚೀಲವನ್ನು ತುಂಬ ತುಂಬದೆ ಸಡಿಲವಾಗಿ ಹೊಲಿದು, ಅದನ್ನು ಇನ್ನೊಂದು ದೊಡ್ಡ ಚೀಲದೊಳಗೆ ಹಾಕುವುದು. ನೆಲಕ್ಕೆ ಬಡಿದಾಗ ಒಳಚೀಲ ಹರಿದರೂ ಹೊರಚೀಲ ಹಿಡಿದುಕೊಳ್ಳುತ್ತದೆ. ಊರಿಗೆ ಬಂದ ಮೇಲೂ ಮಾವ ಅಕ್ಕಿಯನ್ನಾಗಲೀ ಕಾಫಿಯನ್ನಾಗಲೀ ಕಂಠಮಟ್ಟ ತುಂಬಿದ್ದಿಲ್ಲ. "ಎರಡು ಚೀಲದ ಖರ್ಚು ಮಾಡುತ್ತಾರೆ, ಪೇಟೆಗೆ ಹೋಗುವ ಜೀಪು ಆಕಾಶದಲ್ಲಿ ಹಾರುತ್ತದೆಯೇ?" ಎಂದು ಅತ್ತೆ ಗೊಣಗುತ್ತಿದ್ದರು.

ಪ್ಯಾರಾಚೂಟು ಕಟ್ಟುತ್ತಿದ್ದುದು ಮದ್ದುಗುಂಡಿಗೆ, ಸೀಮೆಎಣ್ಣೆಗೆ, ಮತ್ತು ಕುರಿಗಳಿಗೆ. ಮಾಂಸ ಕೆಡದಂತೆ ಕಳಿಸಲು ಬೇರೆ ದಾರಿಯಿಲ್ಲದೆ ಜೀವಂತ ಕುರಿಗಳನ್ನೇ ಬುಟ್ಟಿಯಲ್ಲಿ ಕಟ್ಟಿ ಇಳಿಬಿಡುತ್ತಿದ್ದರು.

ಈಗ ಆ ದಿನದ ಸಂಗತಿ. 1989ರ ಸ್ವಾತಂತ್ರ್ಯ ದಿನ. ನಾನಾಗ ಕೆಲಸ ಮಾಡುತ್ತಿದ್ದ ಪ್ರೌಢಶಾಲೆಯಲ್ಲಿ ಮುಖ್ಯ ಅತಿಥಿಗಳಾಗಿ ಬರಬೇಕಿದ್ದವರು ಮಳೆಯಿಂದ ಬರಲಾಗದೆ, ಹಿಂದಿನ ಸಂಜೆ ನಾನೇ ಮಾವನ ಹೆಸರು ಸೂಚಿಸಿದೆ. ಅವರು ಇಸ್ತ್ರಿ ಮಾಡಿದ ಕೋಟು ಹಾಕಿ, ನೇಫಾ ಎಂಬ ಪಟ್ಟಿಯಿದ್ದ ಸೈನ್ಯ ಸೇವಾ ಪದಕ ಧರಿಸಿ ಬಂದರು. ಧ್ವಜಾರೋಹಣವಾದ ಮೇಲೆ ಎಲ್ಲರೂ ಜಗಲಿಯಲ್ಲಿ ಒತ್ತೊತ್ತಾಗಿ ಕುಳಿತೆವು. ನಾನು ಅವರಿಗೆ ಮೊದಲೇ, "ಮಾವ, ಏನಾದರೂ ಶೌರ್ಯದ ಪ್ರಸಂಗ ಹೇಳಿ, ಮಕ್ಕಳಿಗೆ ಸ್ಫೂರ್ತಿ ಬರಲಿ" ಎಂದಿದ್ದೆ. ಅವರು ಮೂಟೆ ಕಟ್ಟುವುದನ್ನು ಹೇಳಿದರು. ಕುರಿಗಳ ಕಥೆ ಹೇಳಿದರು. ಇಳಿದ ಕುರಿ ಎದ್ದು ಪ್ಯಾರಾಚೂಟನ್ನೂ ಎಳೆದುಕೊಂಡು ಓಡುವಾಗ ಜವಾನರು ಹಿಂದೆ ಓಡುತ್ತಿದ್ದುದನ್ನು ಅಭಿನಯಿಸಿ ತೋರಿಸಿದರು. ನೀವೆಲ್ಲ ಬಿದ್ದುಬಿದ್ದು ನಕ್ಕಿರಿ. ಆಮೇಲೆ ಅವರು, "ಆದರೆ ಅರವತ್ತೆರಡರ ಅಕ್ಟೋಬರಿನಲ್ಲಿ..." ಎಂದು ಆರಂಭಿಸಿ ನಿಂತರು. ಮಾತು ಬರಲಿಲ್ಲ. ನಗು ಇನ್ನೂ ಅಡಗಿರಲಿಲ್ಲ. ಯಾರೋ ಗಡಿಯಾರ ನೋಡಿದರು, ಪೆಪ್ಪರ್‌ಮಿಂಟಿನ ಡಬ್ಬಿ ಬಂದಾಗಿತ್ತು. ಅವರಿಗೆ ಮಾತು ಮರೆತುಹೋಯಿತೆಂದು ಭಾವಿಸಿ, ಅಥವಾ ಹಾಗೆ ಭಾವಿಸುವುದು ಅನುಕೂಲವಾಗಿ ಕಂಡು, ನಾನು ಮುಂದೆ ಬಂದು, "ತಮ್ಮ ಅನುಭವವನ್ನು ರಸವತ್ತಾಗಿ ಹಂಚಿಕೊಂಡ ಅತಿಥಿಗಳಿಗೆ ಧನ್ಯವಾದಗಳು" ಎಂದುಬಿಟ್ಟೆ. ಅವರು ನನ್ನ ಮುಖವನ್ನೊಮ್ಮೆ ನೋಡಿ ಕುಳಿತರು.

ಮನೆಗೆ ಹಿಂತಿರುಗುವಾಗ, "ಹೆಚ್ಚು ಮಾತಾಡಿಬಿಟ್ಟೆನಾ ಮೇಷ್ಟ್ರೇ?" ಎಂದಷ್ಟೇ ಕೇಳಿದರು. "ಇಲ್ಲ ಮಾವ, ತುಂಬಾ ಚೆನ್ನಾಗಿತ್ತು" ಎಂದೆ.

ಹದಿನಾಲ್ಕು ವರ್ಷ ಕಳೆದವು. ಬ್ರಿಗೇಡಿಯರ್ ಜಾನ್ ದಾಳ್ವಿಯವರು ಬರೆದ ಪುಸ್ತಕವನ್ನು ರವಿ ಬೆಳಗೆರೆಯವರು 'ಹಿಮಾಲಯನ್ ಬ್ಲಂಡರ್' ಎಂದೇ ಕನ್ನಡಕ್ಕೆ ತಂದಿದ್ದಾರಷ್ಟೆ. ಅದು ನನ್ನ ಕೈಗೆ ಬಂದದ್ದು ತಡವಾಗಿ. ದಾಳ್ವಿಯವರು ನಮ್ಕಾ ಚು ಹೊಳೆಯ ದಡದಲ್ಲಿ 7ನೆಯ ಬ್ರಿಗೇಡಿನ ನಾಯಕರಾಗಿದ್ದವರು, 1962ರ ಅಕ್ಟೋಬರ್ 20ರ ಚೀನೀ ಆಕ್ರಮಣದ ನಂತರ ಸೆರೆಯಾದವರು. ಹತ್ತಿಬಟ್ಟೆ ತೊಟ್ಟು ಹಿಮದಲ್ಲಿ ನಿಂತ ಸೈನಿಕರ ಚಿತ್ರ ಅದರಲ್ಲಿದೆ. ಆ ಬ್ರಿಗೇಡಿಗೆ ವಿಮಾನದಿಂದ ಸಾಮಾನು ಬೀಳಬೇಕಿದ್ದ ಜಾಗ ತ್ಸಾಂಗ್‌ಧರ್ ಎಂಬ ಕಿರಿದಾದ ಏಣು. ಬಿದ್ದದ್ದರಲ್ಲಿ ಬಹಳಷ್ಟು ಕೈಗೆ ಸಿಗದ ಕಮರಿಗಳ ಪಾಲಾಯಿತು. ಓದುತ್ತಿದ್ದಂತೆ ಆ ಸ್ವಾತಂತ್ರ್ಯ ದಿನದ ಅರ್ಧ ವಾಕ್ಯ ನೆನಪಿಗೆ ಬಂದು ನನ್ನ ಮೈ ಬೆವರಿತು. ಮರುದಿನವೇ ಪುಸ್ತಕ ಹಿಡಿದು ಮಾವನ ಮನೆಗೆ ಹೋದೆ.

ಆರಿದ್ರಾ ಮಳೆ ಹುಯ್ಯುತ್ತಿತ್ತು. ಕರೆಂಟಿರಲಿಲ್ಲ. ಮಾವ ಬಚ್ಚಲ ಒಲೆಯ ಮುಂದೆ ಕುಳಿತಿದ್ದರು. ಪುಸ್ತಕ ನೋಡಿ, "ಕಣ್ಣು ಸಾಲದು, ನೀನೇ ಓದು. ಪೂರ್ತಿ ಬೇಡ, ಮೂಟೆ ಹಾಕಿದ್ದು ಮಾತ್ರ" ಎಂದರು. ಲಾಟೀನು ಬೆಳಕಿನಲ್ಲಿ ಹುಡುಕಿ ಹುಡುಕಿ ಓದಿದೆ. ಅವರು ಕೇಳಿದ ಮೊದಲ ಪ್ರಶ್ನೆ, "ನಮ್ಮನ್ನ ಬೈದಿದಾರಾ?"

"ಇಲ್ಲ ಮಾವ. ಅವರ ಸಿಟ್ಟೆಲ್ಲ ದೆಹಲಿಯಲ್ಲಿ ಕೂತು ಆಜ್ಞೆ ಮಾಡಿದವರ ಮೇಲೆ."

ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಒಲೆಗೆ ಕೊಳ್ಳಿ ನೂಕುತ್ತ ಹೇಳಿದರು. "ಹಸಿರು ದೀಪ ಬಂತು ಕಣೋ, ನಾವು ಒದ್ದೆವು. ಬಗ್ಗಿ ನೋಡ್ತೀನಿ, ಬಿಳಿ ಬಟ್ಟೆ ಆಗಲೇ ಹಿಂದೆ ಹೋಗಿದೆ. ದೀಪ ತಡ ಆಯ್ತೋ, ನಾವು ತಡ ಮಾಡಿದೆವೋ, ಗಾಳಿಯೋ, ಯಾರಿಗೆ ಗೊತ್ತು. ಎರಡು ಸೆಕೆಂಡು. ಮೂಟೆಗಳೆಲ್ಲ ಏಣಿನ ಆಚೆಗೆ ಉರುಳಿ ಹೋಗ್ತಾ ಇದ್ವು. ಒಬ್ಬ ಜವಾನ ಅದರ ಹಿಂದೆ ಓಡ್ತಾ ಇದ್ದ. ಇರುವೆಯಷ್ಟು ಕಾಣ್ತಿದ್ದ. ಅಂಚಿನವರೆಗೆ ಓಡಿ ನಿಂತ. ನಿಂತು ಮೇಲೆ, ನಮ್ಮ ಕಡೆ ನೋಡಿದ."

ಸ್ವಲ್ಪ ತಡೆದು, "ಇನ್ನೂ ಎರಡು ಸುತ್ತು ಬಾಕಿ ಇತ್ತು. ಅದೂ ಹಾಗೇ ಆಯ್ತು. ಅವನು ಮತ್ತೆ ಓಡಲಿಲ್ಲ" ಎಂದರು.

ಅದಾಗಿ ನಾಲ್ಕೈದು ದಿನಕ್ಕೆ ಅಲ್ಲಿ ಯುದ್ಧವಾಯಿತಂತೆ. ಆ ಜವಾನ ಯಾರೋ, ಉಳಿದನೋ ಇಲ್ಲವೋ. "ಕುರಿ ಕಥೆ ಹೇಳೋದು ಸುಲಭ" ಎಂದರು ಮಾವ. ಆ ದಿನ ಶಾಲೆಯ ಜಗಲಿಯಲ್ಲಿ ನಾನು ತಡೆದದ್ದಕ್ಕೆ ಕ್ಷಮೆ ಕೇಳಿದೆ. "ತಡೆದದ್ದೇ ಒಳ್ಳೇದಾಯ್ತು ಮಾರಾಯ, ಮಕ್ಕಳ ಮುಂದೆ ಅತ್ತುಬಿಡ್ತಿದ್ದೆ" ಎಂದು ನಕ್ಕರು. ಆ ಮಾತು ನನ್ನನ್ನು ಸಮಾಧಾನಪಡಿಸಲೆಂದೇ ಆಡಿದ್ದು.

ಅವರ ಕೊನೆಯ ವರ್ಷಗಳಲ್ಲಿ ಡಕೋಟಾ ಮತ್ತೆ ಬಂತು. ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಅವರು, ಡಕೋಟಾ ಪೈಲಟ್ ಆಗಿದ್ದ ತಮ್ಮ ತಂದೆಯ ಗೌರವಾರ್ಥ, ಗುಜರಿಗೆ ಬಿದ್ದಿದ್ದ ಒಂದು ವಿಮಾನವನ್ನು ಇಂಗ್ಲೆಂಡಿನಲ್ಲಿ ದುರಸ್ತಿ ಮಾಡಿಸಿ ವಾಯುಪಡೆಗೆ ಕೊಟ್ಟರು. ಶ್ರೀನಗರದ ನೆನಪಿಗೆ ವಿಪಿ 905 ಎಂಬ ಸಂಖ್ಯೆ, ಪರಶುರಾಮ ಎಂಬ ಹೆಸರು. 2018ರ ಅಕ್ಟೋಬರ್ 8ರ ವಾಯುಪಡೆ ದಿನದಂದು ಅದು ಹಾರುವುದನ್ನು ಮಾವನಿಗೆ ಟೀವಿಯಲ್ಲಿ ತೋರಿಸಿದೆವು. ಎಲ್ಲರೂ ಚಪ್ಪಾಳೆ ತಟ್ಟಿದರೆ ಅವರು, "ಬಾಗಿಲು ಹಾಕಿದಾರೆ" ಎಂದರು!

2019ರ ಜೂನ್ 3ರಂದು ಜೋರ್ಹಾಟಿನಿಂದ ಮೆಚುಕಾಕ್ಕೆ ಹೊರಟ ಆಂಟೊನೋವ್-32 ಸರಕು ವಿಮಾನ ಹದಿಮೂರು ಜನರೊಂದಿಗೆ ಕಣ್ಮರೆಯಾಯಿತು. ಅದೇ ಜೋರ್ಹಾಟು. ಮೆಚುಕಾಕ್ಕೆ ಇವರೂ ಮೂಟೆ ಹಾಕಿದ್ದವರು. ಜೂನ್ 11ರಂದು ಅವಶೇಷ ಕಾಣಿಸುವವರೆಗೆ, ಎಂಬತ್ತೊಂದರ ಮಾವ ಟೀವಿಯ ಮುಂದಿನಿಂದ ಏಳಲಿಲ್ಲ. ಯಾರೂ ಬದುಕಿರಲಿಲ್ಲ. ಆ ರಾತ್ರಿ ಊಟ ಮಾಡಲಿಲ್ಲ ಎಂದು ಸೊಸೆ ಹೇಳಿದಳು.

ಅದೇ ವರ್ಷದ ಆಗಸ್ಟ್ ತಿಂಗಳು ನಮಗೆಲ್ಲ ಮರೆಯುವಂಥದ್ದಲ್ಲ. ಮಲೆಮನೆ, ಮಧುಗುಂಡಿ ಕಡೆ ಗುಡ್ಡಗಳೇ ಜಾರಿದವು, ಚಾರ್ಮಾಡಿ ಘಾಟಿ ಮುಚ್ಚಿತು. ಕಳಸದಲ್ಲಿ ಭದ್ರೆ ಹೆಬ್ಬಾಳೆ ಸೇತುವೆಯ ಮೇಲೆ ಹರಿದಳು. ಅದು ಪ್ರತಿ ಮಳೆಗಾಲದ ಕಥೆಯಾದರೂ ಆ ವರ್ಷದ ರಭಸ ಬೇರೆ. ಮಾವನ ಮನೆಯಿಂದ ಮೇಲಕ್ಕೆ ಹಳ್ಳದಾಚೆ ಕೆಲವು ಕೂಲಿಕಾರರ ಮನೆಗಳಿದ್ದವು. ಅಲ್ಲಿಗಿದ್ದ ಕಾಲುಸಂಕ ಕೊಚ್ಚಿಹೋಗಿ ಜನ ಆಚೆಯೇ ಉಳಿದರು. ನೀರು ಸ್ವಲ್ಪ ಇಳಿದ ಮೇಲೆ ನನ್ನ ಹತ್ತನೆಯ ತರಗತಿಯ ಹುಡುಗರೂ ಅವರ ಅಣ್ಣಂದಿರೂ ಸೇರಿ ಅಕ್ಕಿ ಹೊತ್ತು, ಗುಡ್ಡ ಸುತ್ತಿ, ಮೇಲಿನ ಕಿರುದಾರಿಯಲ್ಲಿ ಹೋಗುವುದೆಂದು ನಿಶ್ಚಯವಾಯಿತು. ಸಂಗ್ರಹಿಸಿದ ಅಕ್ಕಿ ಮಾವನ ಮನೆಯ ಜಗಲಿಯಲ್ಲಿತ್ತು.

ಬೆಳಿಗ್ಗೆ ನಾನು ಹೋದಾಗ ಮಾವ ಕಂಬಳಿ ಹೊದ್ದು ಜಗಲಿಯಲ್ಲಿ ಕುಳಿತು, ಹುಡುಗರು ಕಟ್ಟಿದ್ದ ಮೂಟೆಗಳನ್ನೆಲ್ಲ ಬಿಚ್ಚಿಸಿದ್ದರು. ಅರ್ಧರ್ಧ ತುಂಬಿಸಿ, ಒಳಗೊಂದು ಹೊರಗೊಂದು ಚೀಲ ಹಾಕಿಸಿ, ಬಾಯಿ ಹೊಲಿಯುವುದನ್ನು ತೋರಿಸುತ್ತಿದ್ದರು. "ಅಜ್ಜ, ನಾವು ಎಸೆಯೋದಿಲ್ಲ, ಹೊತ್ಕೊಂಡು ಹೋಗ್ತೀವಿ" ಎಂದು ಒಬ್ಬ ಹೇಳಿದ. "ಜಾರಿ ಬೀಳ್ತೀಯಲ್ಲ, ಆಗ ಅಕ್ಕಿ ಉಳೀಬೇಕು" ಎಂದರು. ಹದಿನೆಂಟು ಮೂಟೆಗಳಾದವು. ಒಂದೊಂದನ್ನೂ ಕಾಲಿನಿಂದ ಮೆಲ್ಲಗೆ ಒತ್ತಿ ನೋಡಿ ಕಳಿಸಿದರು.

ಹುಡುಗರು ಹಿಂತಿರುಗಿದ್ದು ದೀಪ ಹಚ್ಚುವ ಹೊತ್ತಿಗೆ, ಮೈಯೆಲ್ಲ ಕೆಸರು, ಕಾಲೆಲ್ಲ ಇಂಬಳ. ಮಾವ ಆ ತನಕ ಜಗಲಿ ಬಿಟ್ಟು ಕದಲಿರಲಿಲ್ಲ.

"ತಲುಪಿತಾ?"

"ತಲುಪಿತು ಅಜ್ಜ."

"ಎಷ್ಟು?"

"ಎಲ್ಲಾ. ಎರಡು ಉರುಳಿದ್ವು, ಕೆಳಗಿಳಿದು ತಗೊಂಡು ಬಂದ್ವಿ. ಒಡೆದಿರಲಿಲ್ಲ."

"ಹದಿನೆಂಟಕ್ಕೆ ಹದಿನೆಂಟೂ?"

"ಹೌದು ಅಜ್ಜ."

ಮಾವ ನನ್ನ ಕಡೆ ತಿರುಗಿ, "ಬರೆದಿಟ್ಕೋ ಮೇಷ್ಟ್ರೇ" ಎಂದರು. ಆಮೇಲೆ ಒಳಗೆ ಹೋಗಿ ಊಟಕ್ಕೆ ಕುಳಿತರು.

ಮಾವ 2021ರಲ್ಲಿ ತೀರಿಕೊಂಡರು. ಬರೆದಿಡು ಎಂದದ್ದನ್ನು ಇಂದು ಬರೆದಿದ್ದೇನೆ. ಆ ದಿನ ಮೂಟೆ ಹೊತ್ತವರಲ್ಲಿ ಯಾರಾದರೂ ಇದನ್ನು ಓದಿದರೆ ನನಗೊಂದು ಸಾಲು ತಿಳಿಸಿ. ನಿಮ್ಮಲ್ಲೊಬ್ಬ ಮೊಬೈಲಿನಲ್ಲಿ ಜಗಲಿಯ ಫೋಟೋ ತೆಗೆದದ್ದು ನೆನಪಿದೆ. ನನ್ನಲ್ಲಿ ಅದರ ಪ್ರತಿ ಇಲ್ಲ.